ನಿಮ್ಮ ಮೊದಲ ಮಾತು ಯಾರ ಹತ್ತಿರ ಇದೆ?

(ಕನ್ನಡ ತರುಣ ತರುಣಿಯರ ಸಂಜೆ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ವೇದಿಕೆ ಹತ್ತಿದ ಕೂಡಲೆ ಹಲ್ಮಿಡಿ ಶಾಸನದಿಂದ ಶುರು ಮಾಡುವುದು ನಮ್ಮ ಕನ್ನಡ ಭಾಷಣಕಾರರ ಹಳೇ ಚಾಳಿ. ನಾನೂ ನೂರಾರು ಸಭೆಗಳಲ್ಲಿ ಹಾಗೆಯೇ ಮಾಡಿದವನು. ಇವತ್ತು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಇಪ್ಪತ್ತು, ಇಪ್ಪತ್ತೈದು ವಯಸ್ಸು. ಅಷ್ಟೇ ವರ್ಷ ಹಿಂದಕ್ಕೆ ಹೋದರೆ ಸಾಕು. ನೀವು ಹುಟ್ಟಿದ ಮೇಲೆ ಬಾಯಿಬಿಟ್ಟು ಆಡಿದ ಮೊದಲ ಮಾತು ಯಾವುದು? ಗೊತ್ತಿರುವವರು ಕೈ ಎತ್ತಿ.

ನಾಲ್ಕು ಕೈ. ಅದರಲ್ಲೂ ಒಂದು ಕೈ ಕೂದಲು ಸರಿಮಾಡಿಕೊಳ್ಳಲು ಎದ್ದದ್ದು ಅಂತ ಕಾಣುತ್ತೆ.

ನಿಮಗೆ ಹತ್ತನೆಯ ತರಗತಿಯ ಅಂಕ ಗೊತ್ತು, ಗಾಡಿಯ ನಂಬರು ಗೊತ್ತು, ಮೊದಲ ಸಂಬಳದ ತಾರೀಖು ಗೊತ್ತು. ಮೊದಲ ಮಾತು ಗೊತ್ತಿಲ್ಲ. ಇದು ನಿಮ್ಮ ತಪ್ಪಲ್ಲ ಬಿಡಿ. ಒಂದು ವರ್ಷದ ಕೂಸಿಗೆ ತಾನು ಆಡಿದ್ದು ದೊಡ್ಡವನಾದ ಮೇಲೆ ನೆನಪಿರುವುದಿಲ್ಲ. ಆ ಮಾತು ಇರುವುದು ನಿಮ್ಮ ತಾಯಿಯ ತಲೆಯಲ್ಲಿ, ತಂದೆಯ ತಲೆಯಲ್ಲಿ, ಎತ್ತಿ ಆಡಿಸಿದ ಅಜ್ಜಿಯ ತಲೆಯಲ್ಲಿ. ಬೇರೆಲ್ಲೂ ಅದಕ್ಕೆ ನಕಲು ಪ್ರತಿ ಇಲ್ಲ. ಜನನ ಪತ್ರ ಕಳೆದರೆ ಕಚೇರಿಗೆ ಅಲೆದು ಇನ್ನೊಂದು ತರಬಹುದು. ಇದನ್ನು ಯಾವ ಕಚೇರಿಯಿಂದ ತರುತ್ತೀರಿ?

ನಿಮಗೆ ಬುದ್ಧಿ ಹೇಳುವ ಮೊದಲು ನನ್ನ ಹುಳುಕು ಹೇಳಿಬಿಡುತ್ತೇನೆ. 1982ರಲ್ಲಿ ಗೋಕಾಕ್ ವರದಿ ಜಾರಿಯಾಗಲಿ ಅಂತ ಗಂಟಲು ಹರಿಯುವ ಹಾಗೆ ಕೂಗಿದ ಹುಡುಗರಲ್ಲಿ ನಾನೂ ಒಬ್ಬ. 1994ರ ಏಪ್ರಿಲ್ ಕೊನೆಯಲ್ಲಿ ಸರ್ಕಾರ ಒಂದನೆಯ ತರಗತಿಯಿಂದ ನಾಲ್ಕನೆಯವರೆಗೆ ತಾಯ್ನುಡಿ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಹೊರಡಿಸಿತು. ಆಗ ನಾವು ಸಭೆ, ಕರಪತ್ರ, ಗೋಡೆ ಬರಹ ಅಂತ ಹಗಲು ರಾತ್ರಿ ಓಡಾಡಿದೆವು. ತಾಯ್ನುಡಿ ಅಂದರೆ ಏನು, ಅದರ ಮಹತ್ವ ಏನು ಅಂತ ಊರೂರಿನಲ್ಲಿ ಹೇಳಿದೆ. ಅದೇ ದಿನಗಳಲ್ಲಿ ನನ್ನ ಮನೆಯಲ್ಲಿ ಒಂದು ವರ್ಷದ ಮಗಳಿದ್ದಳು.

ಮೂವತ್ತು ವರ್ಷ ಕಳೆಯಿತು. ಅವಳು ತನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ದಿನ ಕೇಳಿದಳು: "ಅಪ್ಪಾ, ನಾನು ಮೊದಲು ಆಡಿದ ಮಾತು ಯಾವುದು?" ನಾನು ಭಾಷಣಕಾರ ನೋಡಿ, ತಡವರಿಸಲಿಲ್ಲ. "ಅಮ್ಮ ಅಂದಿದ್ದೆ ಮಗಳೆ" ಅಂದೆ. ಒಳಗಿನಿಂದ ನನ್ನ ಹೆಂಡತಿ ನಕ್ಕಳು. "ನೀವು ಊರಲ್ಲೇ ಇರಲಿಲ್ಲವಲ್ಲ!" ಅಂದಳು.

ಮೈಮೇಲೆ ತಣ್ಣೀರು ಸುರಿದ ಹಾಗಾಯಿತು. ತಾಯ್ನುಡಿಯ ಬಗ್ಗೆ ಬೇರೆಯವರ ಊರಿನಲ್ಲಿ ಭಾಷಣ ಬಿಗಿಯುತ್ತಿದ್ದಾಗ ನನ್ನ ಮನೆಯಲ್ಲಿ ತಾಯ್ನುಡಿ ಬಾಯಿಬಿಟ್ಟಿತ್ತು. ನಾನು ಅಲ್ಲಿರಲಿಲ್ಲ. ಆಮೇಲಾದರೂ ಕೇಳಿದೆನೆ? ಅದೂ ಇಲ್ಲ.

ಮೊದಲ ಮಾತು "ಐತು". ಬೆಂಗಳೂರಿನಲ್ಲಿ ಆಗ ಹೊತ್ತಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗುತ್ತಿತ್ತು. ದೀಪ ಬಂದಾಗ ಮಗು ಬಲ್ಬಿನ ಕಡೆ ಬೆರಳು ತೋರಿಸಿ "ಐತು" ಅಂದಿತಂತೆ. ನನ್ನ ಹೆಂಡತಿಯ ಪ್ರಕಾರ ಅದು "ಲೈಟು". ನಮ್ಮ ಅವ್ವನ ಪ್ರಕಾರ ಅದು "ಆಯ್ತು". ತಾನು ಊಟ ಮಾಡಿಸಿ ಕೊನೆಯ ತುತ್ತಿಗೆ "ಆಯ್ತು, ಆಯ್ತು" ಅಂತ ಕೈ ತೋರಿಸುತ್ತಿದ್ದೆ, ಅದನ್ನೇ ಹುಡುಗಿ ಅಂದದ್ದು ಅಂತ. ಅತ್ತೆ ಸೊಸೆಗೆ ಈ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಅಭಿಮಾನಿ ಗೆಳೆಯನೊಬ್ಬ ಬಂದು, ಲೈಟು ಅಂದರೆ ಇಂಗ್ಲಿಷು, ಆದ್ದರಿಂದ ಅವ್ವನದೇ ಸರಿ ಅಂತ ತೀರ್ಪು ಕೊಟ್ಟ. ನಾನು ಒಪ್ಪಲಿಲ್ಲ. ಕೊನೆಗೆ "ಉ" ಅಂಟಿಸಿಕೊಂಡ ಮೇಲೆ ಬಸ್ಸು, ಕಾರು, ಲೈಟು ಎಲ್ಲ ನಮ್ಮ ಮನೆಯವೇ. ಹಿತ್ತಿಲ ಬಾಗಿಲಿನಿಂದ ಬಂದವರು ಎಷ್ಟು ಜನ ಒಳಗೆ ಉಂಡು ಮಲಗಿಲ್ಲ!

ಈ ಜಗಳದಲ್ಲಿ ಒಂದು ದೊಡ್ಡ ಸಂಗತಿ ಇದೆ. ಮಗು ಕೊಟ್ಟದ್ದು ಬರೀ ಸದ್ದು. ಅದು ಮಾತು ಅಂತ ಎತ್ತಿಕೊಂಡವರು, ಅದಕ್ಕೊಂದು ಅರ್ಥ ಕೊಟ್ಟವರು ಮನೆಯವರು. ಅಮ್ಮ, ಅಪ್ಪ ಅನ್ನುವುದೂ ಹಾಗೆಯೇ. 1959ರಲ್ಲಿ ಜಾರ್ಜ್ ಮರ್ಡಾಕ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ ಜಗತ್ತಿನ ನೂರಾರು ಭಾಷೆಗಳಿಂದ ತಾಯಿ ತಂದೆಯರನ್ನು ಕರೆಯುವ 1072 ಪದಗಳನ್ನು ಕೂಡಿಸಿದ. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಅದನ್ನು ಇಟ್ಟುಕೊಂಡು ಕಾರಣ ಹುಡುಕಿದ. ತುಟಿ ಮುಚ್ಚಿ ತೆರೆದರೆ ಸಾಕು, ಮ, ಪ, ಬ ಬರುತ್ತವೆ. ಮೊಲೆ ಚೀಪುತ್ತಾ ಬಾಯಿ ತುಂಬಿರುವಾಗ ಮೂಗಿನಿಂದ ಬರುವ ಗುನುಗೂ "ಮ್ಮ್" ಅಂತಲೇ. ಅದು ಬೇಕು ಬೇಕು ಅನ್ನುವ ಸದ್ದು. ಎದುರಿಗಿದ್ದ ತಾಯಿ "ನನ್ನನ್ನೇ ಕರೆಯಿತು" ಅಂದುಕೊಂಡಳು. ತಪ್ಪಾಗಿ ತಿಳಿದುಕೊಂಡರೇನು, ಅವಳು ಓಗೊಟ್ಟಳು. ನಾಳೆ ಮಗು ಅವಳನ್ನು ನೋಡಿಯೇ ಹಾಗಂದಿತು.

ನಂಬದಿದ್ದರೆ ನಮ್ಮ ಮಂಗಳೂರಿನ ಗೆಳೆಯರನ್ನು ಕೇಳಿ. ತುಳುವಿನಲ್ಲಿ "ಅಪ್ಪೆ" ಅಂದರೆ ತಾಯಿ, "ಅಮ್ಮೆ" ಅಂದರೆ ತಂದೆ! ಘಟ್ಟ ಇಳಿದರೆ ಅಪ್ಪ ಅಮ್ಮ ಅದಲುಬದಲು. ದೂರದ ಜಾರ್ಜಿಯಾ ದೇಶದಲ್ಲಿ "ಮಾಮಾ" ಅಂದರೆ ತಂದೆ. ಕೂಸಿನ ತುಟಿ ಎಲ್ಲ ಕಡೆ ಒಂದೇ. ಯಾರು ಯಾವ ಮಾತಿನಲ್ಲಿ ಓಗೊಡುತ್ತಾರೆ ಅನ್ನುವುದರ ಮೇಲೆ ಆ ಸದ್ದು ತುಳು ಆಗುತ್ತೆ, ಕನ್ನಡ ಆಗುತ್ತೆ, ಇನ್ನೊಂದಾಗುತ್ತೆ.

ಬರೆದಿಟ್ಟುಕೊಂಡ ಒಬ್ಬ ಅಪ್ಪನ ಕತೆ ಹೇಳುತ್ತೇನೆ. ಚಾರ್ಲ್ಸ್ ಡಾರ್ವಿನ್ ಹೆಸರು ಎಲ್ಲರಿಗೂ ಗೊತ್ತು, ಮಂಗನಿಂದ ಮಾನವ ಅಂತ ನಮ್ಮವರು ಗೇಲಿ ಮಾಡುವ ಅದೇ ಡಾರ್ವಿನ್. ಅವನ ಮೊದಲ ಮಗ ವಿಲಿಯಂ ಹುಟ್ಟಿದ್ದು 1839ರ ಡಿಸೆಂಬರಿನಲ್ಲಿ. ಅಪ್ಪ ಒಂದು ಪುಸ್ತಕದಲ್ಲಿ ಕೂಸಿನ ಸೀನು, ಆಕಳಿಕೆ, ಸಿಟ್ಟು, ನಗು ಎಲ್ಲ ಗುರುತು ಹಾಕಿಕೊಂಡ. ಸರಿಯಾಗಿ ಒಂದು ವರ್ಷ ತುಂಬಿದಾಗ ಮಗು ಊಟಕ್ಕೆ ತಾನೇ ಒಂದು ಪದ ಮಾಡಿಕೊಂಡಿತು: "ಮಮ್". ಹಸಿವಾದರೆ ಅಳುವ ಬದಲು "ಮಮ್" ಅನ್ನುತ್ತಿತ್ತು. ಆಮೇಲೆ ಸಕ್ಕರೆಗೆ "ಶು-ಮಮ್" ಅಂತ ಹೆಸರಿಟ್ಟಿತು. ಕಪ್ಪು ಅನ್ನುವ ಪದ ಕಲಿತ ಮೇಲೆ ಜೇಷ್ಠಮಧುವಿನ ಮಿಠಾಯಿ "ಬ್ಲ್ಯಾಕ್-ಶು-ಮಮ್" ಆಯಿತು. ಈ ಟಿಪ್ಪಣಿಗಳನ್ನು ಡಾರ್ವಿನ್ ಅಚ್ಚು ಹಾಕಿಸಿದ್ದು 1877ರಲ್ಲಿ, ಮೂವತ್ತೇಳು ವರ್ಷ ಆದಮೇಲೆ. ಬರೆದಿಟ್ಟಿದ್ದ, ಉಳಿಯಿತು. ನೆನಪನ್ನೇ ನಂಬಿದ್ದರೆ ಅವನೂ ನನ್ನ ಹಾಗೆ "ಅಮ್ಮ ಅಂದಿದ್ದೆ ಮಗನೆ" ಅಂತ ತೇಲಿಸಬೇಕಾಗಿತ್ತು.

"ಮಮ್" ಅಂದ ಕೂಡಲೆ ನಿಮಗೆ ಏನು ನೆನಪಾಯಿತು? ನಮ್ಮ ಹಳೇ ಮೈಸೂರಿನ ಕಡೆ ಕೂಸಿಗೆ ಅನ್ನ ಅಂದರೆ "ಮಮ್ಮು". ಹಾಗಾದರೆ ಡಾರ್ವಿನ್ನನ ಮಗ ಕನ್ನಡ ಮಾತಾಡಿದ ಅಂತ ನವೆಂಬರ್ ತಿಂಗಳಲ್ಲಿ ಯಾರಾದರೂ ಬ್ಯಾನರ್ ಕಟ್ಟಿಯಾರು, ದಯವಿಟ್ಟು ಬೇಡ. ತುಟಿಯ ಕತೆ ಆಗಲೇ ಹೇಳಿದೆನಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಆ ಮಗು ತಾನೇ ಕಟ್ಟಿಕೊಂಡದ್ದನ್ನು ನಮ್ಮ ಅಜ್ಜಿಯರು ಮೊದಲೇ ಕಟ್ಟಿ ತೊಟ್ಟಿಲ ಪಕ್ಕ ಇಟ್ಟಿದ್ದರು. ಮಮ್ಮು, ಬುವ್ವ, ತಾಚಿ, ಜೋಜೋ, ಅಂಬಾ, ಕಾಕಾ, ಬೌಬೌ, ಗುಮ್ಮ, ಚೀಚಿ, ಕೂಸುಮರಿ, ಉಪ್ಪುಮೂಟೆ. ಇದು ಹಲ್ಲಿಲ್ಲದ ಬಾಯಿಗೆ ಅಂತಲೇ ಮಾಡಿದ ಕನ್ನಡ. ತುಟಿಗೆ ಸುಲಭ, ಒಂದೇ ಸದ್ದು ಎರಡು ಸಲ. ಊರಿಂದ ಊರಿಗೆ ಬದಲಾಗುತ್ತೆ. ಬೀದರಿನ ಅಜ್ಜಿಯ ಪಟ್ಟಿ ಬೇರೆ, ಶಿರಸಿಯ ಅಜ್ಜಿಯದು ಬೇರೆ, ಕೊಳ್ಳೇಗಾಲದ್ದು ಇನ್ನೊಂದು. ಪಠ್ಯಪುಸ್ತಕ ಇದನ್ನು ಕಲಿಸುವುದಿಲ್ಲ, ಕಲಿಸಬೇಕಾಗಿಯೂ ಇಲ್ಲ. ಮಗು ಇರುವ ಮನೆಯಲ್ಲಿ ಅಜ್ಜಿ ಬಾಯಿಬಿಟ್ಟರೆ ಸಾಕು.

ಬಾಯಿ ಬಿಡಲು ಬಿಡುತ್ತೇವೆಯೆ? ನಮ್ಮ ನೆರೆಮನೆಯ ದಂಪತಿ ಎರಡೂಮುಕ್ಕಾಲು ವರ್ಷದ ಮಗನನ್ನು ಒಂದು ಶಾಲೆಗೆ ಸೇರಿಸಲು ಹೋದರು. ಹೆಸರು ಬೇಡ, ಅಂಥ ಶಾಲೆ ನಿಮ್ಮ ರಸ್ತೆಯಲ್ಲೂ ಇದೆ. ಸಂದರ್ಶನ ಮಾಡಿದ ಮೇಡಂ ಹೇಳಿದರಂತೆ: "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಕನ್‌ಫ್ಯೂಸ್ ಆಗುತ್ತೆ." ಅವತ್ತಿನಿಂದ ಆ ಮನೆಯಲ್ಲಿ ಕರ್ಫ್ಯೂ. ಮಂಡ್ಯದ ಕಡೆಯ ಅಜ್ಜಿ, ಬರುವುದು ಕನ್ನಡ ಒಂದೇ. "ಅತ್ತೆ, ಸ್ವಲ್ಪ ದಿನ ಅವನ ಹತ್ತಿರ ಜಾಸ್ತಿ ಮಾತಾಡಬೇಡಿ" ಅಂದರು. ಆ ಹೆಂಗಸು ಮೊಮ್ಮಗನ ಮುಂದೆ ಮೂಕಿಯಾಗಿ ಕೂತರು. ಕೈಬಾಯಿ ಸನ್ನೆಯಲ್ಲಿ ಅನ್ನ ಕಲಸಿ ಕೊಡುತ್ತಿದ್ದರು. ನಾನು ಕಣ್ಣಾರೆ ಕಂಡದ್ದು. ಕನ್ನಡ ನಾಡಿನ ರಾಜಧಾನಿಯಲ್ಲಿ, ಸ್ವಂತ ಮಗನ ಮನೆಯಲ್ಲಿ! ಅಂಗಡಿ ಬೋರ್ಡಿಗೆ ನಾವು ಮಸಿ ಬಳಿಯುತ್ತೇವೆ. ಇದಕ್ಕೆ ಯಾವ ಮಸಿ ಬಳಿಯೋಣ?

ಉಳಿದವರ ಮನೆಯಲ್ಲಿ ಇಷ್ಟು ಕ್ರೂರ ಇಲ್ಲ, ಆದರೆ ಸದ್ದಿಲ್ಲದೆ ನಡೆಯುವುದು ಅದೇ. ಕಿವಿಗೊಟ್ಟು ಕೇಳಿ: "ಪುಟ್ಟಾ, ನೋಸ್ ತೋರ್ಸು. ಡಾಗ್ ನೋಡು. ಬನಾನಾ ತಿನ್ನು. ಅಂಕಲ್‌ಗೆ ಹಾಯ್ ಮಾಡು." ತೋರ್ಸು, ನೋಡು, ತಿನ್ನು, ಮಾಡು ಎಲ್ಲ ಕನ್ನಡ. ಹೆಸರು ಮಾತ್ರ ಒಂದೊಂದಾಗಿ ಹೊರಟುಹೋಗಿವೆ. ಕೂಸು ಮೊದಮೊದಲು ಹಿಡಿಯುವುದು ಹೆಚ್ಚಾಗಿ ಹೆಸರುಗಳನ್ನೇ. ಮೂಗು, ನಾಯಿ, ಬಾಳೆಹಣ್ಣು ಅದರ ಕಿವಿಗೆ ಬೀಳದೆ ಇದ್ದರೆ ಬಾಯಿಗೆ ಎಲ್ಲಿಂದ ಬಂದೀತು?

"ಆಮೇಲೆ ಕಲಿತುಕೊಳ್ಳುತ್ತೆ ಬಿಡಿ ಸಾರ್" ಅನ್ನುತ್ತಾರೆ. ಕಲಿಯಬಹುದು. ಆದರೆ ಕಿವಿ ಕಾಯುತ್ತಾ ಕೂರುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ "ತ" ಮತ್ತು "ಟ" ಕೇಳಿಸಿದರು. ಆರರಿಂದ ಎಂಟು ತಿಂಗಳಿನ ಕೂಸುಗಳು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದವು. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನವಕ್ಕೆ ಆ ಗುರುತು ಹೋಗಿತ್ತು. ಆ ಭೇದ ಅವರ ಮನೆಯಲ್ಲಿ ಕೇಳಿಸಿರಲಿಲ್ಲ, ಕಿವಿ ಅದನ್ನು ಬಿಟ್ಟುಬಿಟ್ಟಿತು. ನಮ್ಮ ತ-ಟ, ನ-ಣ, ಲ-ಳ ಇವೆಲ್ಲ ಮಗು ಮೊದಲ ಮಾತು ಆಡುವುದಕ್ಕೆ ಮುಂಚೆಯೇ ಕಿವಿಯಲ್ಲಿ ತೀರ್ಮಾನವಾಗುತ್ತಿರುವ ಸಂಗತಿಗಳು. ದೊಡ್ಡವರಾದ ಮೇಲೆ ಟಿ.ವಿ.ಯಲ್ಲಿ "ಹಳ್ಳಿ"ಯನ್ನು "ಹಲ್ಲಿ" ಅನ್ನುವ ನಿರೂಪಕಿಯನ್ನು ಬೈದು ಏನು ಫಲ?

ಇನ್ನು ಕೆಲವರು ಜಾಣರು. ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಚ್ಚಿ ಮಗುವಿನ ಮುಂದೆ ನಿಲ್ಲಿಸಿ, ತಾವು ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಕನ್ನಡಸೇವೆ ಆಯಿತು! 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಒಂಬತ್ತು ತಿಂಗಳಿನ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ನಾಲ್ಕು ವಾರದಲ್ಲಿ ಹನ್ನೆರಡು ಸಲ. ಚೀನೀ ಮಾತಾಡುವ ಮನುಷ್ಯರು ಎದುರಿಗೆ ಕೂತು ಆಡಿಸಿದ ಕೂಸುಗಳು ಆ ಭಾಷೆಯ ಸದ್ದಿನ ಭೇದ ಹಿಡಿದವು. ಅದೇ ಜನ, ಅದೇ ಮಾತು, ಆದರೆ ಟಿ.ವಿ.ಯಲ್ಲಿ ಮತ್ತು ಧ್ವನಿಸುರುಳಿಯಲ್ಲಿ ಕೇಳಿಸಿಕೊಂಡವು ಏನನ್ನೂ ಹಿಡಿಯಲಿಲ್ಲ. ಯಂತ್ರ ಓಗೊಡುವುದಿಲ್ಲವಲ್ಲ.

ಒಂದು ಮಾತು ಇಲ್ಲೇ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಭೆಗಳಲ್ಲಿ ಬಿಸಿರಕ್ತ ಜಾಸ್ತಿ. ಮೊದಲ ಮಾತು ಕನ್ನಡದ್ದೇ ಆಗಿರಬೇಕು ಅಂತ ಯಾರ ಮನೆಯ ತೊಟ್ಟಿಲಿಗೂ ಪಹರೆ ಹಾಕುವುದು ಬೇಡ. ಈ ಸಭೆಯಲ್ಲೇ ಮನೆಮಾತು ತೆಲುಗು, ತಮಿಳು, ಉರ್ದು, ತುಳು, ಕೊಂಕಣಿ ಇರುವ ಕನ್ನಡದ ಮಕ್ಕಳಿದ್ದೀರಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದವರು. ತಾಯಿ ತನಗೆ ಚೆನ್ನಾಗಿ ಬರುವ ಮಾತಿನಲ್ಲಿ ಮಗುವಿನ ಜೊತೆ ಆಡಲಿ, ಅದು ಆ ತಾಯಿಯ ಹಕ್ಕು. ಎರಡು ಭಾಷೆ ಕೇಳಿದರೆ ಮಗುವಿಗೆ ತಲೆ ಕೆಡುವುದಿಲ್ಲ. ನಮ್ಮ ಗಡಿ ಜಿಲ್ಲೆಗಳ ಮಕ್ಕಳು ಎರಡು ಮೂರು ಭಾಷೆ ಒಟ್ಟಿಗೇ ನುಂಗಿ ಜೀರ್ಣಿಸಿಕೊಂಡಿವೆ. ನಾನು ಜಗಳ ತೆಗೆಯುತ್ತಿರುವುದು ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡುವ, ಬರುವ ಭಾಷೆಗೆ ನಾಚಿಕೊಳ್ಳುವ ಕನ್ನಡದ ಅಪ್ಪ ಅಮ್ಮಂದಿರ ಜೊತೆ. (ಹಾಂ, ಒಂದೂವರೆ ವರ್ಷ ಸಮೀಪಿಸಿದರೂ ಮಗು ಒಂದೂ ಮಾತು ಆಡದಿದ್ದರೆ ಭಾಷೆ ಬದಲಾಯಿಸಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಅದಕ್ಕೇ.)

ಸರ್ಕಾರದ ಪುಸ್ತಕದಲ್ಲಿ ತಾಯ್ನುಡಿ ಅಂದರೆ ಏನು ಗೊತ್ತೆ? ಜನಗಣತಿಯವರ ವಿವರಣೆ ನನಗೆ ಬಹಳ ಇಷ್ಟ. ಬಾಲ್ಯದಲ್ಲಿ ತಾಯಿ ನಿಮ್ಮ ಜೊತೆ ಆಡಿದ ಭಾಷೆ ನಿಮ್ಮ ತಾಯ್ನುಡಿ. ಇನ್ನೂ ಮಾತು ಬಾರದ ಕೂಸಾದರೆ, ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನೇ ಬರೆದುಕೊಳ್ಳುತ್ತಾರೆ. 2011ರ ಎಣಿಕೆಯಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 4 ಕೋಟಿ 37 ಲಕ್ಷ. ಒಂದೂ ಮಾತು ಆಡದ, ಹಾಲು ಕಕ್ಕುವ ಕೂಸುಗಳೂ ಆ ಲೆಕ್ಕದಲ್ಲಿವೆ. ತಾಯಿಯನ್ನು ನಂಬಿ ಬರೆದುಕೊಂಡ ಲೆಕ್ಕ ಅದು. ನ್ಯಾಯಾಲಯದ ಲೆಕ್ಕ ಬೇರೆ. ನಾನು ಕರಪತ್ರ ಹಂಚಿದ ಆ 1994ರ ಆದೇಶ ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ಅಲೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಗುವಿನ ತಾಯ್ನುಡಿ ಯಾವುದು ಅಂತ ನಿರ್ಧರಿಸುವವರು ತಂದೆತಾಯಿಗಳು, ಅದನ್ನು ಸರ್ಕಾರ ಹೇರುವಂತಿಲ್ಲ ಅಂದಿತು. ಆ ತೀರ್ಪು ಬಂದಾಗ ನನಗೆ ಹೊಟ್ಟೆ ಉರಿದದ್ದು ನಿಜ. ಈಗ ಯೋಚಿಸಿದರೆ, ಆ ಕಡತ ಮೊದಲಿನಿಂದಲೂ ನಮ್ಮ ಮನೆಯ ಹಜಾರದಲ್ಲೇ ಇತ್ತು, ನಾವು ವಿಧಾನಸೌಧದಲ್ಲಿ ಹುಡುಕುತ್ತಿದ್ದೆವು.

ಹಾಗಾದರೆ ನೀವೇನು ಮಾಡಬೇಕು? ನಿಮಗಿನ್ನೂ ಮಕ್ಕಳಿಲ್ಲ, ಮದುವೆಯೂ ಆಗಿಲ್ಲ. ಮೊದಲು ಕೇಳಿ. ಇವತ್ತು ರಾತ್ರಿ ಮನೆಗೆ ಹೋಗಿ, ಇಲ್ಲವೆ ಊರಿಗೆ ಫೋನ್ ಮಾಡಿ, "ಅಮ್ಮಾ, ನಾನು ಮೊದಲು ಏನಂದೆ?" ಅಂತ. ಅಪ್ಪನನ್ನು ಬೇರೆಯಾಗಿ ಕೇಳಿ. ಇಬ್ಬರ ಉತ್ತರ ಒಂದೇ ಆಗಿದ್ದರೆ ನನಗೆ ಆಶ್ಚರ್ಯ. ಅಮ್ಮ "ಅಮ್ಮ ಅಂದೆ" ಅನ್ನುತ್ತಾಳೆ, ಅಪ್ಪ "ಅಪ್ಪ ಅಂದ" ಅನ್ನುತ್ತಾರೆ, ಅಜ್ಜಿ ಇಬ್ಬರನ್ನೂ ಗದರಿಸಿ "ಅದು ಕಾಗೆ ನೋಡಿ ಕಾ ಅಂದದ್ದು" ಅನ್ನುತ್ತಾರೆ. ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತೆ, ತಿದ್ದಿಕೊಳ್ಳಲಿ. ಮೂರನ್ನೂ ಬರೆದುಕೊಳ್ಳಿ. ಎಲ್ಲಿ ಕೂತಿದ್ದಾಗ, ಯಾರನ್ನು ನೋಡಿ, ಹೇಗೆ ಅಂದೆ ಅಂತ ಕೇಳಿ. ನಿಮ್ಮನ್ನು ಆಡಿಸುವಾಗ ಅವರು ಏನೇನು ಅನ್ನುತ್ತಿದ್ದರು ಅಂತ ಕೇಳಿ. ಸಭೆಯ ಸೆಲ್ಫಿ ಹಿಡಿಯುವ ಅದೇ ಮೊಬೈಲಿನಲ್ಲಿ ಅವರ ಧ್ವನಿಯನ್ನೂ ಹಿಡಿದಿಡಿ.

ತಡಮಾಡಬೇಡಿ ಅಂತ ಹೇಳುವುದಕ್ಕೆ ನನಗೊಂದು ಕಾರಣ ಇದೆ. ಅದನ್ನು ಹೇಳಿ ಇಳಿದುಬಿಡುತ್ತೇನೆ.

ನಮ್ಮ ಊರು ಚನ್ನರಾಯಪಟ್ಟಣದ ಕಡೆ. ನನ್ನ ಹಿಂದೆ ಒಬ್ಬ ತಮ್ಮ ಹುಟ್ಟಿದ್ದ. ಒಂದು ವರ್ಷ ಎರಡು ತಿಂಗಳು ಬದುಕಿದ್ದ, ಜ್ವರ ಬಂದು ಹೋಗಿಬಿಟ್ಟ. ಆಗ ನನಗೆ ನಾಲ್ಕು ವರ್ಷ ಇದ್ದೀತು, ಅವನ ಮುಖ ನನಗೆ ನೆನಪಿಲ್ಲ. ಹಳ್ಳಿಯ ಮನೆ, ಫೋಟೋ ತೆಗೆಸಿದವರಿಲ್ಲ. ಅವನದು ಅಂತ ಉಳಿದಿರುವುದು ಒಂದೇ ಒಂದು ಮಾತು. ಸಾಯಂಕಾಲ ಅವ್ವ ಬುಡ್ಡಿದೀಪ ಹಚ್ಚುವಾಗ ಗಾಳಿ ಬೀಸಿ ಆರಿಹೋಗುತ್ತಿತ್ತಂತೆ. "ಹಾಳು ಗಾಳಿ" ಅಂತ ಅವ್ವ ಬೈಯುತ್ತಿದ್ದಳು. ತೊಡೆಯ ಮೇಲಿದ್ದ ಕೂಸಿಗೆ "ಳ" ತಿರುಗುತ್ತಿರಲಿಲ್ಲ. "ಗಾಯಿ" ಅಂದಿತು.

ಇದನ್ನು ನಾನು ಯಾವತ್ತೂ ಕೇಳಿದವನಲ್ಲ. ಮಗಳ "ಐತು" ಗೊತ್ತಾದ ಮೇಲೆ, ನಾಚಿಕೆಯಿಂದ, ಹೋಗಿ ಅವ್ವನ ಪಕ್ಕ ಕೂತು ನನ್ನ ಮೊದಲ ಮಾತು ಯಾವುದು ಅಂತ ಕೇಳಿದೆ. ಅವಳಿಗೆ ಎಂಬತ್ತು ದಾಟಿದೆ. ನನ್ನದು ನೆನಪಿಲ್ಲ ಅಂದಳು. "ನೀನು ಇದ್ದೀಯಲ್ಲಪ್ಪ, ದಿನಾ ಮಾತಾಡ್ತಾನೇ ಇದ್ದೆ, ಯಾವುದು ಮೊದಲು ಅಂತ ಮಡಗಿಕೊಳ್ಳಲಿ?" ಅಂದಳು. ಆಮೇಲೆ ತಮ್ಮನ ಮಾತು ಹೇಳಿದಳು. ಆಗಲೇ ನನಗೆ ಹೊಳೆದದ್ದು: ಅವ್ವ ಗಾಳಿಗೆ ಯಾವಾಗಲೂ "ಗಾಯಿ" ಅನ್ನುತ್ತಿದ್ದಳು. ನಾನು ಅದು ನಮ್ಮ ಹಳ್ಳಿಯ ಮಾತು ಅಂತ ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ಜನರೆದುರು ಹಾಗನ್ನಬೇಡ ಅಂತ ಒಂದೆರಡು ಸಲ ತಿದ್ದಿಯೂ ಇದ್ದೆ.

ಹೋದ ವಾರ ಮಳೆ ಬರುವ ಹಾಗಾಗಿ ಕರೆಂಟು ಹೋಯಿತು. ಕಿಟಕಿ ಬಾಗಿಲು ಪಟಪಟ ಹೊಡೆದುಕೊಂಡವು. ಒಳಕೋಣೆಯಿಂದ ಅವ್ವ ಕೂಗಿದಳು: "ಗಾಯಿ ಬತ್ತಾ ಐತೆ ಕಣ್ಲಾ, ಕಿಟಕಿ ಹಾಕು." ಮಗಳ ಕೂಸು ತೆವಳುತ್ತಾ ಬಂದು ಅವಳ ಮಂಚದ ಕಾಲು ಹಿಡಿದು ಎದ್ದು ನಿಂತಿತ್ತು, ಅವಳ ಬಾಯನ್ನೇ ನೋಡುತ್ತಾ.